ಬಾಳವ್ವನ ಪಾಲಿನ ಕುಡಿಕೆ

ಫಕೀರವ್ವನ ರಕ್ತ ಮೊದಲ ಸಲ ತೆಗೆದ ದಿನ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನಾನು ಅರ್ಜಿ ತುಂಬುತ್ತ ಕೂತಿದ್ದೆ. ಮುಕ್ಕಾಲು ಗಂಟೆ ಕಳೆದಿರಬೇಕು. ತಲೆಯೆತ್ತಿದಾಗ ಅವಳು ಮೇಜಿನ ಮೇಲೆ ಬಾಗಿ ಕೊಳವೆಯನ್ನೇ ನೋಡುತ್ತಿದ್ದಳು. ಕೆಂಪು ಕೆಳಗಿಳಿದು ಮೇಲೆ ಹಾಲಿನಂಥ ಬಿಳಿ ನಿಂತಿತ್ತು.

“ಏನವಾ ತಂಗಿ, ನನ್ನ ರಗತಾನೂ ಕೆನಿ ಕಟ್ಟೇತಲ್ಲ,” ಎಂದಳು. “ಇದಕ್ಕೊಂದೀಟು ಹೆಪ್ಪ ಹಾಕಿದ್ರ ಮುಂಜಾನಿಕೆ ಗಟ್ಟಿ ಮಸರ ಆಗತೈತಿ. ಅದನ್ನೂ ಬುಟ್ಯಾಗ ಇಟಗೊಂಡು ಮಾರಿ ಬರ್ತೀನಿ ತಗೊ.”

ಫಕೀರವ್ವ ಕುರಡಿಕೇರಿ ಎಂಬ ಹಳ್ಳಿಯ ಕುಡಿಕೆ ಮೊಸರು ಮಾರುವವಳು. ದಿನಾ ಮುಂಜಾನೆ ಹುಬ್ಬಳ್ಳಿಯಲ್ಲಿ ಬಸ್ಸಿಳಿದು, ಬುಟ್ಟಿಯಲ್ಲಿ ಸಣ್ಣ ಮಣ್ಣಿನ ಕುಡಿಕೆಗಳನ್ನು ಜೋಡಿಸಿಕೊಂಡು ಓಣಿ ಓಣಿ ತಿರುಗುತ್ತಿದ್ದಳು. ನಮ್ಮದೂ ಅವಳು ದಿನಾ ಮೊಸರು ಹಾಕುವ ವರ್ತನೆಯ ಮನೆ. ಐವತ್ತೆಂಟು ವಯಸ್ಸು, ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ರಕ್ತದಲ್ಲಿ ನೂರೈವತ್ತರ ಒಳಗಿರಬೇಕು. ಅವಳಲ್ಲಿ ಸಾವಿರದ ನಾನೂರು ದಾಟಿತ್ತು. ಅದು ಹಾಗೇ ಏರಿದರೆ ಒಂದು ದಿನ ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಉರಿದು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಅಂಥ ನೂರಿಪ್ಪತ್ತು ಮಂದಿಯನ್ನು ನಮ್ಮ ಪ್ರಯೋಗ ಕೇಂದ್ರ ಹುಡುಕಿ ತಂದಿತ್ತು.

ನಾವು ಪರೀಕ್ಷಿಸಲಿದ್ದ ಔಷಧ ಜೀವವಿರುವಂಥದ್ದು. ಮೊಸರಿನ ಒಂದು ಸೂಕ್ಷ್ಮಜೀವಿಯನ್ನು ತಿದ್ದಿ ಮಾಡಿದ್ದರು. ಗುಳಿಗೆಯೊಳಗಿನ ಪುಡಿಯಲ್ಲಿ ಅದು ಕೋಟಿಗಟ್ಟಲೆ ಮಲಗಿರುತ್ತಿತ್ತು. ಹೊಟ್ಟೆಗೆ ಹೋದ ಮೇಲೆ ಎದ್ದು ಕರುಳಿನ ಗೋಡೆಗೆ ಅಂಟಿಕೊಂಡು, ನಾವು ತಿಂದ ಜಿಡ್ಡಿನ ಹನಿಗಳಿಗೆ ಲೋಳೆ ಸುತ್ತಿ, ಅವು ರಕ್ತಕ್ಕೆ ಸೇರದಂತೆ ಹೊರಗೆ ಸಾಗಿಸುತ್ತಿತ್ತು. ಊರೆಲ್ಲ ಹರಡಬಾರದೆಂದು ಅದನ್ನು ಮಾಡಿದವರು ಒಂದು ಕಟ್ಟು ಹಾಕಿದ್ದರು. ಗುಳಿಗೆಯಲ್ಲಿ ಬೆರೆಸಿದ ಒಂದು ಪೋಷಕ ವಸ್ತು ಸಿಗದಿದ್ದರೆ ಅದು ಎಂಟು ದಿನಕ್ಕೆ ಸಾಯಬೇಕು. ಅದಕ್ಕೇ ವಾರಕ್ಕೊಂದು ಗುಳಿಗೆ. ಅರ್ಧ ಮಂದಿಗೆ ನಿಜದ್ದು, ಇನ್ನರ್ಧಕ್ಕೆ ಬರೀ ಹಿಟ್ಟು ತುಂಬಿದ್ದು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇದನ್ನೆಲ್ಲ ವಿವರಿಸುವ ಹದಿನಾಲ್ಕು ಪುಟದ ಒಪ್ಪಿಗೆಪತ್ರವನ್ನು ಓದಿ ಹೇಳುವುದು ನನ್ನ ಕೆಲಸ. ನಾಲ್ಕು ಜನರೆದುರು ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಆ ದಿನ ಮೂರನೆಯ ಪುಟಕ್ಕೇ ಫಕೀರವ್ವ ಆಕಳಿಸಿದಳು. ಅವಳ ಕಣ್ಣು ತಪ್ಪಿಸಲು ಕಾಗದ ಮಡಚಿಟ್ಟು, “ಇದೂ ಒಂದು ಹೆಪ್ಪು ಇದ್ದಂಗ್ರಿ. ಗುಳಿಗ್ಯಾಗ ಇಟ್ಟು ಕೊಡ್ತಾರ,” ಎಂದೆ.

“ಹಂಗ ಹೇಳವಾ ಮತ್ತ. ಆವಾಗಿಂದ ಏನ ಪುರಾಣ ಹಚ್ಚಿದ್ದಿ,” ಎಂದು ನಕ್ಕು ಹೆಬ್ಬೆಟ್ಟೊತ್ತಿದಳು.

ನನ್ನ ಮಾತಿಗೆ ಒಬ್ಬರು ನಕ್ಕರಲ್ಲ ಎಂದು ನನಗೆ ಖುಷಿಯಾಗಿತ್ತು. ರಾತ್ರಿ ದಿನಚರಿಯಲ್ಲಿ ಬರೆದುಕೊಂಡಿದ್ದೆ ಕೂಡ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದೆ.

ಕೇಂದ್ರದ ಎರಡನೆಯ ಮಹಡಿಯ ಕೋಣೆಗೆ ‘ಗೋಡೆ’ ಎಂದೇ ಹೆಸರು. ನೂರಿಪ್ಪತ್ತು ತೋಳುಗಳಿಗೆ ಅಂಟಿಸಿದ ಬಿಲ್ಲೆಗಳು ರಕ್ತದ ಅಂಕಿಗಳನ್ನು ತಾಸಿಗೊಮ್ಮೆ ಅಲ್ಲಿಗೆ ಕಳಿಸುತ್ತಿದ್ದವು. ಗೋಡೆಯ ಮೇಲೆ ಎರಡು ಗೆರೆ, ಎರಡು ಗುಂಪಿನ ಸರಾಸರಿ; ಯಾರು ಯಾವ ಗುಂಪೆಂದು ಯಂತ್ರಕ್ಕಷ್ಟೇ ಗೊತ್ತು. ಒಂದು ಕೆಂಪು, ಒಂದು ನೀಲಿ. ಒಂದು ಇಳಿಯಬೇಕು, ಒಂದು ಇದ್ದಲ್ಲೇ ಇರಬೇಕು. ಮೊದಲ ಎರಡು ತಿಂಗಳು ನೀಲಿ ಇಳಿಯಿತು. ಮೂರನೆಯ ತಿಂಗಳಲ್ಲಿ ಕೆಂಪೂ ಬಾಗಿತು. ಆರನೆಯ ತಿಂಗಳಿಗೆ ಎರಡೂ ಒಂದರ ಮೇಲೊಂದು ಬಿದ್ದುಕೊಂಡು ಇಳಿಯುತ್ತಿದ್ದವು.

ನಮ್ಮ ಮುಖ್ಯಸ್ಥರು ಡಾ. ಇಟಗಿ. ಅವರು ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು.

“ಮಂದಾಕಿನಿ, ಹಿಟ್ಟು ನುಂಗಿದವರಿಗೂ ಇಳದೈತಿ ಅಂದ್ರ ನಾವು ಕೊಟ್ಟಿದ್ದು ಔಷಧ ಹೆಂಗ ಆಗತೈತಿ?” ಎಂದರು ಒಂದು ದಿನ. “ಕಂಪನಿಯವರು ಮೂರು ವಾರ ಟೈಮ್ ಕೊಟ್ಟಾರ. ಎರಡೂ ಗೆರಿ ಬ್ಯಾರೆ ಆಗಲಿಲ್ಲಂದ್ರ ಉಪಯೋಗಿಲ್ಲ ಅಂತ ಬರದು ಮುಚ್ಚತಾರ.”

“ಹೂಂ ಸರ್,” ಎಂದೆ.

“ಬರೇ ಹೂಂ ಅನಬ್ಯಾಡ್ವಾ. ನಿನಗೇನ ಅನಸ್ತೈತಿ?”

ನನಗೆ ಅನ್ನಿಸಿದ್ದೇನೂ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಆ ದಿನಗಳಲ್ಲಿ ಅಕ್ಕ ಬಾಣಂತನ ಮುಗಿದ ಮೇಲೂ ನಮ್ಮಲ್ಲೇ ಇದ್ದಳು. ಕೂಸಿನ ತೂಕದ ಚಿಂತೆ. ಐದು ತಿಂಗಳಿಗೆ ಆರೂವರೆ ಕಿಲೋ ಇದ್ದ ಕೂಸು ಎಂಟನೆಯ ತಿಂಗಳಿಗೆ ಐದು ಮುಕ್ಕಾಲಕ್ಕೆ ಇಳಿದಿತ್ತು. ಊಟ ಬಿಟ್ಟಿರಲಿಲ್ಲ. ಮೊಸರನ್ನ ಕಲಸಿದ ಬಟ್ಟಲು ಕಂಡರೆ ಎರಡೂ ಕೈ ಚಾಚುತ್ತಿತ್ತು. ಡಾಕ್ಟರು ಮೂರು ಬಾಟಲಿ ಬದಲಿಸಿದ್ದರು. ತೊಡೆಯ ತೊಗಲು ಸುಕ್ಕಾಗಿ, ಮೋರೆಯಲ್ಲಿ ಮುದುಕಿಯ ಕಳೆ ಬಂದಿತ್ತು. ಸಂಜೆಯಾದರೆ ಮುಂದಿಟ್ಟ ಗಿಲಕಿ ಕಾಣದೆ ತಡಕಾಡುತ್ತಿತ್ತು.

ಒಂದು ರವಿವಾರ ಹಿತ್ತಲಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದೆ. ಕಲೆ ಬಿಡಲಿಲ್ಲ. ಹಳದಿ, ಜಿಡ್ಡು, ನೀರು ಹಾಕಿದರೆ ಹನಿಹನಿಯಾಗಿ ಉರುಳುವಂಥದ್ದು.

“ಅವ್ವಾ, ಕೂಸಿಗೆ ಎಣ್ಣಿ ಹಚ್ಚಿ ಹಂಗ ಬಟ್ಟಿ ಸುತ್ತತೀಯೇನು?”

“ಎಣ್ಣಿ ಹಚ್ಚದ ಎಂಟು ದಿನಾ ಆತು. ಮೈಮ್ಯಾಗ ಹಚ್ಚಾಕ ಮಾಂಸರ ಎಲ್ಲೈತಿ ಅದಕ,” ಎಂದಳು ಅವ್ವ ಒಳಗಿನಿಂದ.

ನಾನು ಕಲೆಯ ಮೇಲೆ ಮತ್ತೊಮ್ಮೆ ನೀರು ಹಾಕಿದೆ. ವಾರವಾರ ನಾನು ಓದಿ ಗುರುತು ಹಾಕುವ ರೋಗಿಗಳ ವರದಿಯಲ್ಲಿ ಇದೇ ಮಾತಿರುತ್ತಿತ್ತು. ಮಲದಲ್ಲಿ ಜಿಡ್ಡು ಹೋಗುತ್ತದೆ, ನೀರಿನ ಮೇಲೆ ತೇಲುತ್ತದೆ. ಔಷಧ ಕೆಲಸ ಮಾಡುತ್ತಿದೆ ಎಂಬುದಕ್ಕೆ ನಾವು ಇಟ್ಟುಕೊಂಡ ಗುರುತು ಅದು. ನಾನು ಅಡಿಗೆಮನೆಗೆ ಹೋದೆ. ಫಕೀರವ್ವ ಬೆಳಿಗ್ಗೆ ಇಟ್ಟುಹೋದ ಕುಡಿಕೆ ಅಲ್ಲಿತ್ತು.

ಸೋಮವಾರ ಆ ಮೊಸರಿನಲ್ಲಿ ಒಂದು ಚಮಚ ನನ್ನ ಊಟದ ಡಬ್ಬಿಯಲ್ಲಿ ಕೇಂದ್ರಕ್ಕೆ ಬಂತು. ಎಲ್ಲರೂ ಊಟಕ್ಕೆ ಹೋದಾಗ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೀಲಿ ದೀಪ ಹಾಕಿದೆ. ನಮ್ಮ ಜೀವಿಗೆ ಗುರುತಿಗಾಗಿ ಹಸಿರು ಹೊಳಪು ಕೊಟ್ಟಿದ್ದರು. ಬೇರೆ ಯಾವ ಮೊಸರಿನದೂ ಹಾಗೆ ಹೊಳೆಯುವುದಿಲ್ಲ. ಕಣ್ಣಿಟ್ಟು ನೋಡಿದೆ. ಗಾಜಿನ ಅಂಚಿನಿಂದ ಅಂಚಿಗೆ ಹಸಿರು, ಹೊಸ ನಾಟಿಯ ಗದ್ದೆಯ ಹಾಗೆ.

ಯಾರಿಗೂ ಹೇಳಲಿಲ್ಲ. ಡಬ್ಬಿ ತೊಳೆದಿಟ್ಟೆ. ಉಳಿಕೆ ಗುಳಿಗೆಗಳ ತಪಾಸಣೆಗೆ ನಾವು ಮನೆಗಳಿಗೆ ಹೋಗುವುದಿತ್ತು. ಆ ನೆಪ ಬರೆದಿಟ್ಟು ಮಧ್ಯಾಹ್ನದ ಬಸ್ಸು ಹತ್ತಿದೆ.

ಫಕೀರವ್ವನ ಮನೆಯ ಪಡಸಾಲೆಯಲ್ಲಿ ಕುಡಿಕೆಗಳನ್ನು ಬೋರಲು ಹಾಕಿದ್ದರು. ಗೋಡೆಗೂಡಿನಲ್ಲಿ ಒಂದು ಬಟ್ಟಲು, ಅದರ ತುಂಬ ಬಿಡಿಸಿಟ್ಟ ಗುಳಿಗೆಗಳ ಖಾಲಿ ಚಿಪ್ಪುಗಳು.

“ಔಷಧಾ ಅಲ್ಲೇನು, ಹೊರಗ ಚೆಲ್ಲಾಕ ಮನಸ ಬರಲಿಲ್ಲ,” ಎಂದಳು ನಾನು ನೋಡಿದ್ದನ್ನು ನೋಡಿ. ಸ್ವಲ್ಪವೂ ಅಳುಕಿರಲಿಲ್ಲ. “ನನಗ ಬಂದದ್ದು ತುಂಬಿದ್ದೋ ಖಾಲಿದೋ ಅಂತ ಕೇಳಿದ್ರ ನೀವ್ಯಾರೂ ಹೇಳಾಕ ಒಲ್ರಿ. ಹೆಪ್ಪ ಅಂತ ನೀನ ಅಂದಿದ್ದಿ. ಒಂದ ಗುಳಿಗಿ ಬಿಚ್ಚಿ ಬೆಚ್ಚನ್ನ ಹಾಲಿಗೆ ಹಾಕಿದೆ. ಗಟ್ಟಿ ಮಸರ ಆತು. ನಿಮ್ಮಲ್ಲೇ ಗುಳಿಗಿ ಒಯ್ಯೂ ಓಣ್ಯಾಗಿನ ಗಿರಿಜವ್ವಂದೂ ಹಾಕಿ ನೋಡಿದೆ, ಹಾಲು ಒಡದು ಹೋತು. ಹಂಗಾರ ಆಕೀದು ಖಾಲಿ, ನಂದು ತುಂಬಿದ್ದು. ನಾ ಒಬ್ಬಾಕಿ ನುಂಗಿ ಏನ ಮಾಡ್ಲಿ? ದೊಡ್ಡ ಗಡಿಗಿಗೇ ಹಾಕಿದೆ.”

ಇಡೀ ಕೇಂದ್ರವೇ ಮುಚ್ಚಿಟ್ಟ ಗುಟ್ಟನ್ನು ಅವಳು ಎರಡು ಲೋಟ ಹಾಲಿನಲ್ಲಿ ಬಿಡಿಸಿಬಿಟ್ಟಿದ್ದಳು. ಜೀವಿಗೆ ಹಾಕಿದ ಕಟ್ಟು ಹೇಗೆ ಹರಿಯಿತೆಂಬುದೂ ಆಗ ಹೊಳೆಯಿತು. ಮಾಡಿದವರು ಕಾರ್ಖಾನೆಯ ಮೊಸರಿನಲ್ಲಿ ಪರೀಕ್ಷಿಸಿದ್ದರು. ಅದರಲ್ಲಿರುವುದು ಆರಿಸಿ ಬೆಳೆಸಿದ ಎರಡೇ ಜಾತಿ. ಫಕೀರವ್ವನ ಹೆಪ್ಪು ಅವಳ ಅತ್ತೆಯ ಅತ್ತೆಯಿಂದ ಬಂದದ್ದು, ಮಣ್ಣಿನ ಗಡಿಗೆಯ ರಂಧ್ರಗಳಲ್ಲಿ ಹೆಸರಿಲ್ಲದ ಹತ್ತಾರು ಜಾತಿ ಕೂಡಿ ಬಾಳುವಂಥದ್ದು. ಅವುಗಳಲ್ಲಿ ಯಾವುದೋ ಒಂದು ನಮ್ಮ ಜೀವಿಗೆ ಬೇಕಾದ ಆ ಪೋಷಕವನ್ನು ಮಾಡಿ ಕೊಡುತ್ತಿತ್ತು.

“ನಿಮ್ಮ ಹೆಪ್ಪು ಬ್ಯಾರೆಯವರು ಒಯ್ದಾರೇನ್ರಿ?”

ಅವಳು ಬೆರಳು ಮಡಚುತ್ತ ಎಣಿಸಿದಳು. ಎರಡೂ ಕೈ ಮುಗಿದ ಮೇಲೆ ಬಿಟ್ಟಳು. “ಮಾರೂ ಹೆಣಮಕ್ಕಳು ಎಲ್ಲಾರೂ ಒಯ್ತಾರ. ವರ್ತನಿ ಮನ್ಯಾಗೂ ಕೇಳ್ತಾರ, ನಿಮ್ಮ ಗುಳಿಗಿ ನುಂಗೂ ಮಂದೀನೂ ಕೇಳ್ತಾರ. ಹೆಪ್ಪ ಕೇಳಿದ್ರ ಇಲ್ಲ ಅನಬಾರದವಾ.”

ಆಗ ಒಳಗಿನಿಂದ ಇನ್ನೊಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಬಂದಳು. ಅವಳೇ ಬಾಳವ್ವ, ಫಕೀರವ್ವನ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ. ನನಗೆ ಗುರುತಿತ್ತು. ಪ್ರಯೋಗಕ್ಕೆ ಸೇರಿಸಿಕೊಳ್ಳಿ ಎಂದು ಮೊದಲ ದಿನವೇ ಬಂದಿದ್ದಳು. ಅವಳ ಕೊಬ್ಬು ಎರಡು ಸಾವಿರದ ನೂರಿತ್ತು. ಆದರೆ ಆರು ತಿಂಗಳೊಳಗೆ ಒಂದು ಸಲ ಮೇದೋಜೀರಕ ಉರಿದು ಆಸ್ಪತ್ರೆ ಸೇರಿದ್ದವರನ್ನು ತೆಗೆದುಕೊಳ್ಳಬಾರದೆಂದು ನಿಯಮ. ಔಷಧ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಬಾಗಿಲು ಮುಚ್ಚಿತ್ತು. ಅವಳ ಹೆಸರಿನ ಮುಂದೆ ಗೆರೆ ಎಳೆದವಳು ನಾನೇ.

“ಇಕಿ ನನ್ನ ನೆಗೆಣ್ಣಿ ಅಲ್ಲವಾ, ಯಮಧರ್ಮನ ವೈರಿ,” ಎಂದಳು ಬಾಳವ್ವ ಕೂರುತ್ತ. “ಆರಾಮ ಸಾಯ್ತೇನಿ ಅಂದ್ರೂ ಬಿಡವಲ್ಲಳು. ದಿನಾ ಒಂದ ಕುಡಿಕಿ ಮುಂದ ಹಿಡದು ನಿಂದರತಾಳ.”

“ಸಾಯಾಕೇನು, ನಿನಗ ಮಾಡಾಕ ಬರೂದು ಅದೊಂದ ಕೆಲಸಾ,” ಎಂದಳು ಫಕೀರವ್ವ.

ಚೀಲದಲ್ಲಿದ್ದ ಯಂತ್ರಕ್ಕೆ ಬಾಳವ್ವನ ಬೆರಳಿನ ಒಂದು ಹನಿ ಇಟ್ಟೆ. ಮುನ್ನೂರ ಹತ್ತು. ಮತ್ತೊಮ್ಮೆ ಇಟ್ಟೆ. ಅಷ್ಟೇ ಬಂತು.

ಆಮೇಲೆ ಕೂಸಿನ ಸುದ್ದಿ ಹೇಳಿದೆ. ಎರಡೇ ಮಾತಿನಲ್ಲಿ, ನೆಲ ನೋಡುತ್ತ. ಸಕ್ಕರೆಯವರಿಗೆ ಇಳಿಯಬೇಕಾದ ಕೊಬ್ಬೇ ಕೂಸುಗಳಿಗೆ ಬೇಕು, ಮಿದುಳು ಬೆಳೆಯುವುದು ಅದರಿಂದ, ಕಣ್ಣು ಕಾಣುವುದು ಅದರಿಂದ. ಈ ಮೊಸರು ಅದನ್ನೆಲ್ಲ ಹೊರಗೆ ಸಾಗಿಸುತ್ತಿದೆ.

ಕೂಸಿಗೆ ಮೊದಲ ತುತ್ತು ಮೊಸರನ್ನ ಉಣ್ಣಿಸಿದ ದಿನ, ನಾಲಿಗೆ ಹತ್ತಿತು ನೋಡು ಎಂದು ಲಟಿಕೆ ಮುರಿದವಳು ಫಕೀರವ್ವನೇ.

“ನಿಮ್ಮನಿಗೆ ನಾಳಿಂದ ಕೊಡಂಗಿಲ್ಲ,” ಎಂದಳು ಕೊನೆಗೆ.

“ಬರೇ ನಮ್ಮನಿ ಅಲ್ರಿ.”

“ಹೂಂ. ಅಲ್ಲ.” ಸೆರಗಿನಿಂದ ಮೋರೆ ಒರೆಸಿಕೊಂಡಳು. “ನಿಲ್ಲಿಸಿದ್ರ ಈಕಿಗೆ ಏನಾಕೈತಿ?”

ನಾನು ಯಂತ್ರವನ್ನು ಚೀಲಕ್ಕೆ ಹಾಕಿದೆ. ಎಂಟು ದಿನಕ್ಕೆ ಜೀವಿ ಸಾಯುತ್ತದೆ. ಆಮೇಲೆ ಕೊಬ್ಬು ಮೊದಲಿಗಿಂತ ಜೋರಾಗಿ ಏರುತ್ತದೆಂದು ಒಪ್ಪಿಗೆಪತ್ರದ ಹನ್ನೊಂದನೆಯ ಪುಟದಲ್ಲಿತ್ತು. ಆ ಪುಟ ನಾನು ಯಾರಿಗೂ ಓದಿ ಹೇಳಿರಲಿಲ್ಲ.

“ನೀ ಹೇಳೂದನ್ನ ಹೇಳವಾ,” ಎಂದಳು ಫಕೀರವ್ವ. “ಕೂಸಿನ ಮುಂದ ಬ್ಯಾರೆ ಮಾತಿಲ್ಲ. ಆದ್ರ ಈಕಿ ಪಾಲಿಂದು ಒಂದ ಕುಡಿಕಿ ಉಳಸಾಕ ಹೇಳು ನಿಮ್ಮ ಸಾಹೇಬರಿಗೆ. ಒಂದ ಕುಡಿಕಿ. ಯಾರ ಮನಿಗೂ ಒಯ್ಯಂಗಿಲ್ಲ, ಯಾರಿಗೂ ಹೆಪ್ಪ ಕೊಡಂಗಿಲ್ಲ. ನನ್ನ ಮಕ್ಕಳ ಮ್ಯಾಲ ಆಣಿ.”

“ಹೇಳ್ತೀನ್ರಿ,” ಎಂದೆ.

“ಮರೀಬ್ಯಾಡ.”

“ಇಲ್ರಿ.”

ಮರುದಿನ ಡಾ. ಇಟಗಿಯವರಿಗೆ ಎಲ್ಲ ಹೇಳಿದೆ. ಹೇಳಿದೆ ಎಂದರೆ, ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅವರ ಮುಂದಿಟ್ಟು ನಿಂತೆ. ಅವರು ಓದಿದರು. ಎದ್ದು ಗೋಡೆಯ ಹತ್ತಿರ ಹೋಗಿ ಕೂಡಿಕೊಂಡ ಎರಡು ಗೆರೆಗಳ ಮೇಲೆ ಬೆರಳು ಆಡಿಸಿದರು. “ಅಂದ್ರ ಔಷಧ ಕೆಲಸ ಮಾಡೇತಿ,” ಎಂದರು. ಅವರ ಮೋರೆಯಲ್ಲಿ ಒಂದು ಕ್ಷಣ ಸಂತೋಷವಿತ್ತು. ಅದನ್ನು ಮರೆಯಲು ನನಗೆ ಆಗಿಲ್ಲ. ಅವರಿಗೂ ಆಗಿರಲಾರದು.

ಮಧ್ಯಾಹ್ನ ಸಭೆ. ಪರದೆಯ ಮೇಲೆ ಕಂಪನಿಯ ಏಳು ಮೋರೆಗಳು. ಪ್ರಯೋಗ ನಿಲ್ಲಿಸಬೇಕು, ಉಳಿದ ಗುಳಿಗೆಗಳನ್ನು ಸುಡಬೇಕು, ಮೊಸರಿನ ಗಡಿಗೆಗಳನ್ನು ಒಂದೂ ಬಿಡದೆ ನಾಶ ಮಾಡಬೇಕು. ಒಂದೊಂದಾಗಿ ತೀರ್ಮಾನಗಳಾದವು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ‘ಬಾಳವ್ವ, ಒಂದು ಕುಡಿಕೆ’ ಎಂದು ಹಾಳೆಯ ಅಂಚಿನಲ್ಲಿ ಬರೆದು ಅದರ ಸುತ್ತ ಗುಂಡಗೆ ಗೀಚುತ್ತಿದ್ದೆ. ಕಾಗದ ಹರಿಯುವಷ್ಟು ಗೀಚಿದೆ.

“ಇನ್ನೇನರ ಐತೇನು?” ಎಂದರು ಡಾ. ಇಟಗಿ ನನ್ನ ಕಡೆ ತಿರುಗಿ.

ಏಳು ಮೋರೆಗಳೂ ನನ್ನತ್ತ ನೋಡಿದವು. ಬಾಯಿ ತೆರೆದೆ. ತಲೆಯಾಡಿಸಿದೆ, ಇಲ್ಲವೆಂದು.

ಪರದೆ ಆರಿತು.

ಅಂದು ಸಂಜೆಯೇ ಕಂಪನಿಗೆ ಪತ್ರ ಬರೆದೆ. ಬರೆಯುವುದು ನನಗೆ ಬರುತ್ತದೆ. ಬಾಳವ್ವನ ಅಂಕಿ, ಆಸ್ಪತ್ರೆಯ ಚೀಟಿ, ಬೇಡಿಕೆ, ಎಲ್ಲವನ್ನೂ ಚೊಕ್ಕಟವಾಗಿ ಬರೆದು ಕಳಿಸಿದೆ. ಪತ್ರ ಮುಟ್ಟಿದೆ ಎಂದು ಯಂತ್ರ ತಕ್ಷಣ ಉತ್ತರಿಸಿತು.

ಮೂರನೆಯ ದಿನ ಕಂಪನಿ ಕಳಿಸಿದ ತಂಡ ಬಿಳಿ ಉಡುಪಿನಲ್ಲಿ ಫಕೀರವ್ವನ ಊರಿಗೆ ಹೋಯಿತು. ಗುರುತು ತೋರಿಸಲು ನಾನೂ ಹೋಗಬೇಕಾಯಿತು. ಕುಡಿಕೆಗಳನ್ನು ಬೀದಿಯಲ್ಲಿ ಸಾಲಾಗಿಟ್ಟು ಬ್ಲೀಚಿಂಗ್ ನೀರು ಸುರಿದು ಒಡೆದರು. ಅತ್ತೆಯ ಅತ್ತೆಯ ಕಾಲದ ಹೆಪ್ಪುಗಡಿಗೆಯನ್ನು ಫಕೀರವ್ವ ತಾನೇ ಎತ್ತಿ ತಂದಳು. ಅದನ್ನು ಕೆಳಗಿಡುವ ಮುನ್ನ ನನ್ನ ಮೋರೆ ನೋಡಿದಳು. ಅವಳು ಕೇಳುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ನಾನು ಕೈಯಲ್ಲಿದ್ದ ಪಟ್ಟಿ ನೋಡಿದೆ. ಅವಳು ಗಡಿಗೆ ಇಟ್ಟಳು.

ಹೆಪ್ಪು ಒಯ್ದ ಇಪ್ಪತ್ತಾರು ಮನೆಗಳಲ್ಲಿ ನಮ್ಮ ಕೂಸಿನ ಹಾಗೇ ಸೊರಗಿದ ಹದಿಮೂರು ಕೂಸುಗಳು ಸಿಕ್ಕವು. ಮೊಸರು ನಿಂತ ಹತ್ತನೆಯ ದಿನ ನಮ್ಮ ಮನೆಯ ಬಟ್ಟೆಗಳಿಂದ ಕಲೆ ಹೋಯಿತು. ಅಕ್ಕ ತಕ್ಕಡಿಯ ಮುಂದೆ ಕೂತು ಅತ್ತಳು. ನೂರಿಪ್ಪತ್ತು ಗ್ರಾಂ ಏರಿತ್ತು.

“ನೀ ಇದ್ದಿದ್ದಕ್ಕ ಉಳೀತು ನೋಡು ಮಂದಾ,” ಎಂದಳು ಅವ್ವ. ಆ ರಾತ್ರಿ ನಾನು ಊಟ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದೆ.

ಬಾಳವ್ವ ತೀರಿಕೊಂಡದ್ದು ಹದಿನಾಲ್ಕನೆಯ ದಿನ. ಬೆನ್ನಿಗೆ ಹೊಡೆಯುವಂಥ ಹೊಟ್ಟೆನೋವು ಬಂದು ಆಸ್ಪತ್ರೆಗೆ ತಂದರಂತೆ. ರಕ್ತ ಸೂಜಿಯಲ್ಲಿ ಏರಲಿಲ್ಲವಂತೆ, ಅಷ್ಟು ಗಟ್ಟಿ. ಎರಡು ದಿನ ಬದುಕಿದ್ದಳು. ನಮ್ಮ ಪ್ರಯೋಗದ ವರದಿಯಲ್ಲಿ ಸಾವು ಎಂಬ ಕಾಲಮ್ಮಿನ ಎದುರು ಸೊನ್ನೆಯಿದೆ. ಅದು ಸುಳ್ಳಲ್ಲ. ಅವಳು ಪ್ರಯೋಗದಲ್ಲಿ ಇರಲೇ ಇಲ್ಲ.

ಹತ್ತೊಂಬತ್ತನೆಯ ದಿನ ಕಂಪನಿಯ ಉತ್ತರ ಬಂತು. ವಿಶೇಷ ಸಂದರ್ಭವೆಂದು ಪರಿಗಣಿಸಲು ಸಿದ್ಧರಿದ್ದೇವೆ, ದಯವಿಟ್ಟು ರೋಗಿಯ ನೋಂದಣಿ ಸಂಖ್ಯೆ ಕಳಿಸಿ ಎಂದಿತ್ತು.

ತಿಂಗಳ ಕೊನೆಗೆ ಎಲ್ಲರನ್ನೂ ಕೊನೆಯ ತಪಾಸಣೆಗೆ ಕರೆದೆವು. ಬಿಲ್ಲೆ ಕಿತ್ತು, ಒಂದು ಕೊಳವೆ ರಕ್ತ ತೆಗೆದು, ಸಹಿ ಹಾಕಿಸಿ ಕಳಿಸುವುದು. ಫಕೀರವ್ವ ಬರಲಾರಳು ಅಂದುಕೊಂಡಿದ್ದೆ. ಬಂದಳು, ಬುಟ್ಟಿಯ ಸಮೇತ. ಅದರಲ್ಲಿ ನಾಲ್ಕೇ ಕುಡಿಕೆ.

“ಅಂಗಡಿ ಪ್ಯಾಕೀಟಿನ ಮಸರಿಂದ ಹೆಪ್ಪ ಹಾಕೀನಿ,” ಎಂದಳು. “ನೀರೊಡಿತೈತಿ. ಮಂದಿ ಒಲ್ಲೆ ಅಂತಾರ.”

ತೋಳು ಚಾಚಿದಳು. ನಾನು ರಕ್ತ ತೆಗೆದು ಕೊಳವೆಯನ್ನು ಸ್ಟ್ಯಾಂಡಿನಲ್ಲಿಟ್ಟೆ. ಬಿಲ್ಲೆ ಕಿತ್ತ ಜಾಗದಲ್ಲಿ ರೂಪಾಯಿಯಷ್ಟಗಲ ಬೆಳ್ಳಗಿತ್ತು.

“ಕೂಸು ಮೈ ಹತ್ತೇತೇನವಾ?”

“ಹತ್ತೇತ್ರಿ.”

“ಸಂಜೀಕೆ ಕಣ್ಣು ಕಾಣತಾವ?”

“ಕಾಣತಾವ್ರಿ.”

“ಆತು.”

ಆ ಕುಡಿಕೆಯ ಬಗ್ಗೆ ಅವಳು ಕೇಳಬೇಕೆಂದು ಕಾದೆ. ಹೇಳಲಿಲ್ಲವೇನು, ಮರೆತೆಯೇನು, ಯಾರ ಅಂಜಿಕೆಯಿತ್ತು ನಿನಗೆ ಎಂದು. ಉತ್ತರ ಬರೆದುಕೊಂಡಿದ್ದೆ. ಹಾಳೆ ಕೋಟಿನ ಕಿಸೆಯಲ್ಲಿತ್ತು. ಅವಳು ಕೇಳಲಿಲ್ಲ. ಕಾಗದಗಳು ಮುಗಿಯುವವರೆಗೆ ಕೈ ಕಟ್ಟಿಕೊಂಡು ಕೂತಿದ್ದಳು. ಮುಕ್ಕಾಲು ಗಂಟೆಯಾಗಿರಬೇಕು. ಸ್ಟ್ಯಾಂಡಿನಲ್ಲಿ ಕೆಂಪು ಕೆಳಗಿಳಿದು ಬಿಳಿ ಮೇಲೆ ನಿಂತಿತು, ಮೊದಲಿಗಿಂತ ಎರಡು ಬೆರಳು ಹೆಚ್ಚು.

“ಕೆನಿ ಕಟ್ಟೇತಿ,” ಎಂದಳು ಅದನ್ನು ನೋಡಿ.

ಮುಂದಿನ ಮಾತಿಗೆ ಕಾದೆ. ಅವಳು ಎದ್ದು, ಸಿಂಬಿ ಸರಿಮಾಡಿಕೊಂಡು, ಬುಟ್ಟಿ ತಲೆಯ ಮೇಲಿಟ್ಟುಕೊಂಡಳು.